ಖಾಲಿ ಲಕೋಟೆಗೆ ಇಷ್ಟೊಂದು ಬೆಲೆಯೇ?

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸಾವಿರಾರು ಜನ ಅಲ್ಲಿನ ಕಣಿವೆಗಳಿಗೆ ನುಗ್ಗಿದರು. ಸರ್ಕಾರಿ ಅಂಚೆ ಅವರ ಡೇರೆಗಳವರೆಗೆ ಹೋಗುತ್ತಿರಲಿಲ್ಲ. ಊರಿನಿಂದ ಬಂದ ಕಾಗದಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ರಾಶಿ ಬೀಳುತ್ತಿದ್ದವು. ಈ ಕೊರತೆಯಿಂದಲೇ ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳು ಹುಟ್ಟಿದವು. ಮೊದಮೊದಲು ಈ ಕೆಲಸಕ್ಕಿಳಿದ ಅಲೆಕ್ಸಾಂಡರ್ ಟಾಡ್ ಒಂದು ಕಾಗದ ತಲುಪಿಸಲು ಒಂದು ಔನ್ಸ್ ಚಿನ್ನದ ಪುಡಿ, ಅಂದರೆ ಆಗಿನ 16 ಡಾಲರ್ ಕೇಳುತ್ತಿದ್ದ. ಜನ ಕೊಟ್ಟರು. ಕೊಟ್ಟದ್ದು ಲಕೋಟೆಗಲ್ಲ, ಮನೆಯ ಸುದ್ದಿಗೆ.

ಇವತ್ತಿನ ಸಂಗ್ರಾಹಕರ ಲೆಕ್ಕ ತಲೆಕೆಳಗು. ಅವರು ಹಣ ಸುರಿಯುವುದು ಲಕೋಟೆಯ ಮೇಲಿನ ಕಂಪನಿ ಮುದ್ರೆಗೆ. ಸಾಮಾನ್ಯವಾಗಿ ಕಂಪನಿ ಎಷ್ಟು ಬೇಗ ಮುಳುಗಿತೋ ಮುದ್ರೆ ಅಷ್ಟು ಅಪರೂಪ, ಅಷ್ಟು ದುಬಾರಿ. ಒಳಗಿನ ಕಾಗದ ಇದ್ದರೆ ಇರಲಿ, ಹೋದರೆ ಹೋಗಲಿ.

ಸಂಗ್ರಾಹಕರಿಗೆ ನಾವು ಋಣಿಗಳಲ್ಲವೇ? ಖಂಡಿತ. ಅವರಿಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಒಲೆ ಸೇರುತ್ತಿದ್ದವು. ಲಕೋಟೆಯೂ ಇತಿಹಾಸ ಹೇಳುತ್ತದೆ. 1852ರಲ್ಲಿ ಶುರುವಾದ ವೆಲ್ಸ್ ಫಾರ್ಗೋ, ಅಂಚೆ ದರ ಮೊದಲೇ ಅಚ್ಚಾಗಿದ್ದ ಸರ್ಕಾರಿ ಲಕೋಟೆಗಳ ಮೇಲೆ ತನ್ನ ಮುದ್ರೆಯನ್ನೂ ಒತ್ತಿ ಮಾರಿತು. ಜನ ಸರ್ಕಾರಕ್ಕೂ ತೆತ್ತರು, ಕಂಪನಿಗೂ ತೆತ್ತರು. ಇಷ್ಟನ್ನು ಲಕೋಟೆಯೇ ಹೇಳೀತು. ಆದರೆ ಎರಡೆರಡು ಸಲ ತೆರುವಂಥ ತುರ್ತು ಏನಿತ್ತು? ಸಾಲವೇ, ಸಾವೇ, ಮಗು ಹುಟ್ಟಿದ ಸುದ್ದಿಯೇ? ಉತ್ತರ ಇದ್ದದ್ದು ಒಳಗಿನ ಹಾಳೆಯಲ್ಲಿ.

ಲಕೋಟೆ ರೂಢಿಗೆ ಬರುವ ಮುನ್ನ ಬರೆದ ಹಾಳೆಯನ್ನೇ ಮಡಚಿ ಅದರ ಹೊರಮೈಗೆ ವಿಳಾಸ ಬರೆಯುತ್ತಿದ್ದರು. ಅಂಥದ್ದರಲ್ಲಿ ಮುದ್ರೆ ಬೇಕೆಂದರೆ ಮಾತನ್ನೂ ಉಳಿಸಿಕೊಳ್ಳಲೇಬೇಕು. ಲಕೋಟೆ ಬಂದಮೇಲೆ ಇವೆರಡನ್ನೂ ಅಗಲಿಸುವುದು ಸುಲಭವಾಯಿತು. ಸುಲಭವಾದದ್ದೆಲ್ಲ ಸರಿಯೇನೂ ಅಲ್ಲ. ಕಾಗದ ಇಟ್ಟುಕೊಂಡು ಲಕೋಟೆ ಎಸೆಯುವ ಪತ್ರಾಗಾರಗಳಿಗೂ ಇದೇ ಮಾತು ಸಲ್ಲುತ್ತದೆ: ಕಾಗದ ಯಾವ ದಾರಿಯಲ್ಲಿ, ಯಾರ ಕೈಯಿಂದ ಬಂತೆಂಬುದು ಅಲ್ಲಿ ಕಳೆದುಹೋಗುತ್ತದೆ.

ಹವ್ಯಾಸ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬೆಲೆ ಕಟ್ಟುವ ರೀತಿ ಬದಲಾಗಲಿ. ಕಾಗದ ಮತ್ತು ಲಕೋಟೆ ಒಟ್ಟಿಗಿದ್ದರೆ ಹೆಚ್ಚು ಕೊಡಿ. ಬೇಕೆಂದೇ ಅಗಲಿಸಿದ್ದನ್ನು ಕೊಳ್ಳಬೇಡಿ. ಹರಾಜಿಗೆ ಮೊದಲು ಎರಡರ ಚಿತ್ರವನ್ನೂ ಯಾವುದಾದರೊಂದು ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಿ. ಇದಕ್ಕೆ ಕಾನೂನು ಬೇಕಿಲ್ಲ, ಕೊಳ್ಳುವವರು ಪಟ್ಟು ಹಿಡಿದರೆ ಸಾಕು. ಒಂದು ಔನ್ಸ್ ಚಿನ್ನ ಕೊಟ್ಟು ಬಿಡಿಸಿಕೊಂಡ ಮಾತನ್ನು ನಾವು ಪುಕ್ಕಟೆಯಾಗಿ ಕಳೆಯುವುದು ಬೇಡ.