ಪೈಪು ಚರಂಡಿಯಲ್ಲಿ, ತಪ್ಪು ತಾಯಂದಿರದು!



ನಲ್ಲಿಯಲ್ಲಿ ನೀರು ಬಂದ ಕೂಡಲೇ ಮೊದಲ ಎರಡು ಕೊಡ ಚೆಲ್ಲಿಬಿಡುವುದು ನಿಮ್ಮ ಬೀದಿಯಲ್ಲೂ ರೂಢಿಯಾಗಿರಬೇಕು. ಬಣ್ಣ ಕೆಟ್ಟಿರುತ್ತದೆ, ವಾಸನೆ ಬರುತ್ತದೆ. ಆಮೇಲೆ ತಿಳಿಯಾದದ್ದನ್ನು ಹಿಡಿದು ಕುಡಿಯುತ್ತೇವೆ. ದೊಡ್ಡವರ ಹೊಟ್ಟೆ ಹೇಗೋ ತಾಳಿಕೊಳ್ಳುತ್ತದೆ. ಒಂದೂವರೆ ವರ್ಷದ ಕೂಸಿನದು ತಾಳುವುದಿಲ್ಲ.

ನೀರು ಕೆಡುವ ಬಗೆ ಗುಟ್ಟೇನಲ್ಲ. ಮನೆಗಳಿಗೆ ಹೋಗುವ ಪೈಪು ಎಷ್ಟೋ ಕಡೆ ಚರಂಡಿಯೊಳಗೇ ಮಲಗಿದೆ. ನೀರು ಬಿಟ್ಟಾಗ ಅದರ ಜಾಯಿಂಟುಗಳು ಹೊರಕ್ಕೆ ಸೋರುತ್ತವೆ. ವಾಲ್ವ್ ಬಂದ್ ಮಾಡಿದ ಮೇಲೆ ಒತ್ತಡ ಇಳಿದು, ಅದೇ ಬಿರುಕುಗಳಿಂದ ಚರಂಡಿ ನೀರು ಒಳಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅದಕ್ಕೆ ವಾರವಿಡೀ ಸಮಯ. ಸಾಲದ್ದಕ್ಕೆ ಬಂದ ನೀರನ್ನು ಡ್ರಮ್ಮಿನಲ್ಲಿ ದಿನಗಟ್ಟಲೆ ತುಂಬಿಡಬೇಕು. ಯಾರ ಕೈಯೋ, ಯಾವ ಚೊಂಬೋ ಅದರಲ್ಲಿ ಅದ್ದುತ್ತಿರುತ್ತದೆ.

ಎಲ್ಲ ಭೇದಿಯನ್ನೂ ಪೈಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ, ಒಪ್ಪುತ್ತೇನೆ. ನೀರು ಚೆನ್ನಾಗಿರುವ ಕಡೆಯೂ ರೋಟಾವೈರಸ್ ಹರಡುತ್ತದೆ. ಅದಕ್ಕೆಂದೇ 2016ರಿಂದ ದೇಶದ ಲಸಿಕಾ ಪಟ್ಟಿಗೆ ಅದರ ಲಸಿಕೆ ಸೇರಿದೆ. ಮಗುವಿಗೆ 6, 10, 14 ವಾರಗಳಾದಾಗ ಕೊಡುತ್ತಾರೆ, ತಪ್ಪಿಸಬೇಡಿ. ಆದರೆ ಶಿಗೆಲ್ಲಾ, ಇ.ಕೊಲೈಯಂಥವು ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುವಂಥವು. ಅವಕ್ಕೆ ದಾರಿ ಮಾಡಿಕೊಟ್ಟವರು ಯಾರು?

ಬಡ ದೇಶಗಳಲ್ಲಿ ಮೂರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಸರಾಸರಿ 3 ಸಲ ಭೇದಿಯಾಗುತ್ತದೆ. ಇಳಿದ ತೂಕ ಮತ್ತೆ ಕೂಡಿಕೊಳ್ಳುವ ಹೊತ್ತಿಗೆ ಇನ್ನೊಂದು ಸಲ ಬಂದಿರುತ್ತದೆ. ಹೀಗೇ ಮಗು ಬೆಳೆಯದೆ ಕುಗ್ಗುತ್ತದೆ. ನಾವೋ, ಹಲ್ಲು ಬರುವಾಗ ಹೀಗೇ ಎನ್ನುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಕಣ್ಣು ಗುಳಿಬಿದ್ದು, ನೆತ್ತಿ ಇಳಿದಾಗ ಆಟೋ ಹುಡುಕುತ್ತೇವೆ. ಕೂಲಿ ಹೋಯಿತು, ಗ್ಲೂಕೋಸ್ ಬಾಟಲಿಗೆ ಸಾಲವಾಯಿತು. ಈ ಖರ್ಚು ಯಾವ ಕಡತದಲ್ಲೂ ಬರೆದಿರುವುದಿಲ್ಲ.

ಓಆರ್‌ಎಸ್ ಇದೆಯಲ್ಲ ಎನ್ನುತ್ತಾರೆ. ಇದೆ, ಅದು ಪ್ರಾಣ ಉಳಿಸುತ್ತದೆ. 1971ರಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರಗಳಲ್ಲೇ ಅದು ಸಾಬೀತಾಗಿದೆ. ಜೊತೆಗೆ 14 ದಿನ ಜಿಂಕ್ ಮಾತ್ರೆ. ಆದರೆ ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಬೇಕು. ಆ ಲೀಟರ್ ನೀರನ್ನೂ ಅದೇ ನಲ್ಲಿಯಿಂದ ಹಿಡಿದು, ನಮ್ಮದೇ ಗ್ಯಾಸಿನಲ್ಲಿ ಕುದಿಸಿಕೊಳ್ಳಬೇಕು!

ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಉಪದೇಶವೆಲ್ಲ ತಾಯಿಗೆ: ಕೈ ತೊಳೆಯಿರಿ, ಕುದಿಸಿ ಆರಿಸಿ, ಆರು ತಿಂಗಳು ಎದೆಹಾಲೊಂದನ್ನೇ ಕೊಡಿ. ಒಳ್ಳೆಯ ಮಾತೇ. ಪೈಪು ಹಾಕಿದವರಿಗೆ ಉಪದೇಶ ಮಾಡುವ ಪೋಸ್ಟರು ಮಾತ್ರ ನಾನು ಕಂಡಿಲ್ಲ.

ಅರ್ಜಿ ಕೊಟ್ಟರೆ ಸಿಗುವ ಉತ್ತರ ನಿಮಗೂ ಗೊತ್ತು. ಅಂದಾಜುಪಟ್ಟಿ ಹೋಗಿದೆ, ಟೆಂಡರ್ ಆಗಬೇಕು, ಚುನಾವಣೆಯ ನೀತಿಸಂಹಿತೆ ಮುಗಿಯಲಿ. ಆಮೇಲೆ ಉತ್ತರವೂ ಇಲ್ಲ. ಅರ್ಜಿ ಬರೆದಾಗ ತೊಟ್ಟಿಲಲ್ಲಿದ್ದ ಮಗು ಶಾಲೆಗೆ ಹೋಗುತ್ತದೆ, ಪೈಪು ಅಲ್ಲೇ ಇರುತ್ತದೆ. ಒಟ್ಟಿಗೆ ಹತ್ತಾರು ಜನ ಮಲಗಿದಾಗಷ್ಟೇ ಚರಂಡಿಯ ಎರಡೂ ಬದಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ, ಟ್ಯಾಂಕರ್ ಬರುತ್ತದೆ. ಸುದ್ದಿ ತಣ್ಣಗಾದರೆ ಟ್ಯಾಂಕರೂ ಇಲ್ಲ. ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರೆ ಲೆಕ್ಕಕ್ಕಿಲ್ಲವೇ?

ನೀರು ಬಿಡುವ ಹೊಣೆ ಹೊತ್ತವರೇ, ಚರಂಡಿಯಿಂದ ಪೈಪನ್ನು ಯಾವ ತಿಂಗಳೊಳಗೆ ಮೇಲೆತ್ತುತ್ತೀರಿ, ಬರೆದು ಕೊಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಮ್ಮದೇ ಅಳತೆ. ಅದನ್ನು ಟ್ಯಾಂಕಿನ ಬುಡದಲ್ಲಿ ಅಳೆದು ಸಹಿ ಹಾಕಿದರೆ ಸಾಲದು. ಬೀದಿಯ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಅಳೆಯಿರಿ. ಯಾವ ದಿನ ಅಳೆದಿರಿ, ಎಷ್ಟು ಸಿಕ್ಕಿತು, ಅಳೆದವರು ಯಾರು ಎಂಬುದನ್ನು ಅಂಗನವಾಡಿಯ ಗೋಡೆಯ ಮೇಲೆ, ಆ ಪೋಸ್ಟರಿನ ಪಕ್ಕದಲ್ಲೇ ಬರೆಯಿರಿ.

ಇಂತಿ,
ನಲ್ಲಿ ನೀರನ್ನೇ ನಂಬಿದ ಒಬ್ಬ ನಾಗರಿಕ