ಸ್ಕೇಟ್‌ಪಾರ್ಕ್ ಇಲ್ಲಿ ಬೇಡ ಅಂದರೆ ಮತ್ತೆಲ್ಲಿ?

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಮೌಂಟ್ ಪ್ರಾಸ್ಪೆಕ್ಟ್ ಎಂಬ ಪಾರ್ಕ್ ಇದೆ. ದೊಡ್ಡದೇನಲ್ಲ, ಎಂಟು ಎಕರೆಗೂ ಸ್ವಲ್ಪ ಕಡಿಮೆ. ಪಕ್ಕದಲ್ಲೇ ಸಾರ್ವಜನಿಕ ಗ್ರಂಥಾಲಯ, ಬೊಟಾನಿಕಲ್ ಗಾರ್ಡನ್. 2024ರ ಜನವರಿಯಲ್ಲಿ ಆಗಿನ ಮೇಯರ್ ಎರಿಕ್ ಆಡಮ್ಸ್ ಈ ಪಾರ್ಕಿನೊಳಗೆ ಸುಮಾರು 40 ಸಾವಿರ ಚದರ ಅಡಿಯ ಸ್ಕೇಟ್‌ಪಾರ್ಕ್ ಕಟ್ಟುತ್ತೇವೆ ಅಂತ ಘೋಷಿಸಿದರು. ಖರ್ಚು 1.1 ಕೋಟಿ ಡಾಲರ್ ಎಂದು ಲೆಕ್ಕ ಹಾಕಿದ್ದರು. ಸ್ಕೇಟ್‌ಬೋರ್ಡಿನ ದೊಡ್ಡ ಹೆಸರಾದ ಟೋನಿ ಹಾಕ್ ಅವರ ಸಂಸ್ಥೆಯೂ ಜೊತೆಗಿತ್ತು. ಆದರೆ ಸುತ್ತಮುತ್ತಲಿನ ನಿವಾಸಿಗಳು ಗುಂಪು ಕಟ್ಟಿಕೊಂಡು 'ಇಲ್ಲಿ ಬೇಡ' ಅಂತ ಎದ್ದು ನಿಂತರು.

ಸ್ಕೇಟ್‌ಪಾರ್ಕ್ ನೋಡದವರಿಗೆ ಎರಡು ಮಾತು. ನಾಲ್ಕು ಸಣ್ಣ ಚಕ್ರದ ಹಲಗೆಯ ಮೇಲೆ ನಿಂತು ಹಾರುವ ಹುಡುಗರನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಲೇ ಇರುತ್ತಾರೆ. ಆ ಆಟಕ್ಕೆ ಬೇಕಾದ ಹೊಂಡ, ಇಳಿಜಾರು, ಮೆಟ್ಟಿಲು, ಕಂಬಿ ಎಲ್ಲವನ್ನೂ ಕಾಂಕ್ರೀಟಿನಲ್ಲಿ ಕಟ್ಟಿಟ್ಟ ಜಾಗವೇ ಸ್ಕೇಟ್‌ಪಾರ್ಕ್. ಪೋಲಿ ಆಟ ಅಂತ ತಳ್ಳಿಹಾಕುವ ಕಾಲ ಹೋಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಸೇರಿತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದವಳಿಗೂ ಬೆಳ್ಳಿ ಗೆದ್ದವಳಿಗೂ ಆಗ 13 ವರ್ಷ.

ಇಂಥ ಯೋಜನೆಗಳಿಗೆ ಯಾವ ದೇಶದಲ್ಲೂ ಬರುವ ಆಕ್ಷೇಪ ಹೆಚ್ಚುಕಡಿಮೆ ಒಂದೇ: ಗಲಾಟೆ ಆಗುತ್ತದೆ, ಹೊರಗಿನ ಹುಡುಗರು ಬರುತ್ತಾರೆ, ಯಾರಾದರೂ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ಬ್ರೂಕ್ಲಿನ್‌ನವರ ಮುಖ್ಯ ವಾದ ಇದಲ್ಲ. ಅವರು ಹೇಳಿದ್ದು ಹಸಿರಿನ ಮಾತು. 40 ಸಾವಿರ ಚದರ ಅಡಿ ಅಂದರೆ ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 92 ಸೆಂಟ್ಸ್. ಇಡೀ ಪಾರ್ಕಿನ ಎಂಟನೇ ಒಂದು ಪಾಲಿಗೆ ಹತ್ತಿರ. ಈ ಗುಡ್ಡೆ 1776ರ ಯುದ್ಧದಲ್ಲಿ ಅಮೆರಿಕದ ಸೈನ್ಯ ಕಾವಲು ನಿಂತ ಎತ್ತರದ ಜಾಗ. 1850ರ ದಶಕದಲ್ಲಿ ಕುಡಿಯುವ ನೀರಿನ ಜಲಾಶಯ ಕಟ್ಟಿದ್ದೂ ಇಲ್ಲೇ. ಪಾರ್ಕ್ ಆದದ್ದು 1940ರಲ್ಲಿ. ಹುಲ್ಲಿನ ಮೇಲೆ ಕೂರುವುದಕ್ಕೆ, ಮಕ್ಕಳನ್ನು ಬಿಡುವುದಕ್ಕೆ ಅಂಗಳವಿಲ್ಲದ ಫ್ಲ್ಯಾಟಿನವರಿಗೆ ಇಂಥ ಜಾಗವೇ ಅಂಗಳ.

ಈ ವಾದ ನಮಗೆ ಸರಿ ಕಾಣುತ್ತದೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಒಂದು ದಿನದ ಮಳೆಗೆ ಬ್ರೂಕ್ಲಿನ್‌ನ ರಸ್ತೆಗಳೂ ಸಬ್‌ವೇ ನಿಲ್ದಾಣಗಳೂ ನೀರು ತುಂಬಿ ನಿಂತಿದ್ದವು. ಮಣ್ಣು ನೀರು ಕುಡಿಯುತ್ತದೆ, ಕಾಂಕ್ರೀಟ್ ಕುಡಿಯುವುದಿಲ್ಲ. ಮಳೆಗಾಲದಲ್ಲಿ ಪಂಪ್‌ವೆಲ್ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲು ಒಮ್ಮೆ ಹೋಯಿತೆಂದರೆ ಮತ್ತೆ ಯಾವ ಮೇಯರೂ ಕಾಂಕ್ರೀಟ್ ಅಗೆದು ಹುಲ್ಲು ನೆಡುವುದಿಲ್ಲ. ಅಷ್ಟು ದೊಡ್ಡ ನಗರದಲ್ಲಿ ಆಗಲೇ ಡಾಮರು ಹಾಕಿದ ಜಾಗ ಬೇಕಾದಷ್ಟು ಇರುವಾಗ ಹಸಿರಿನ ಮೇಲೆಯೇ ಕೈ ಹಾಕಿದ್ದು ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ.

ಆದರೆ ವಾದ ಅಲ್ಲಿಗೇ ನಿಂತರೆ ಅರ್ಧ ನಿಂತ ಹಾಗೆ. ಸ್ಕೇಟ್‌ಬೋರ್ಡ್ ಆಡುವ ಹುಡುಗನಿಗೆ ಟೀಮ್ ಬೇಡ, ಕೋಚ್ ಬೇಡ, ತಿಂಗಳ ಫೀಸ್ ಬೇಡ. ಹಣವಿಲ್ಲದ ಮನೆಯ ಮಕ್ಕಳೂ ಆಡಬಹುದು. ಅವರನ್ನು ಕಚೇರಿಗಳ ಮೆಟ್ಟಿಲಿನಿಂದ ವಾಚ್‌ಮ್ಯಾನ್ ಓಡಿಸುತ್ತಾನೆ, ಫುಟ್‌ಪಾತಿನಿಂದ ಪಾದಚಾರಿಗಳು ಗದರಿಸುತ್ತಾರೆ, ಈಗ ಪಾರ್ಕಿನಲ್ಲೂ ಬೇಡ. ಪ್ರತಿಯೊಬ್ಬನಿಗೂ ಅವನವನ ಕಾರಣ ಇದೆ, ಕಾರಣ ಸುಳ್ಳೂ ಅಲ್ಲ. ಎಲ್ಲ ಕಾರಣಗಳನ್ನು ಕೂಡಿಸಿ ನೋಡಿದರೆ ಹುಡುಗನಿಗೆ ಉಳಿಯುವುದು ವಾಹನ ಓಡುವ ರಸ್ತೆ.

ಇದನ್ನು ಬರೆಯುವಾಗ ನಮಗೆ ನಮ್ಮದೇ ಮುಖ ಕಾಣುತ್ತದೆ. ಮದ್ರಸ ಬಿಟ್ಟ ಮೇಲೆ ಮಸೀದಿಯ ಕಂಪೌಂಡಿನಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ನಾವು ಎಷ್ಟು ಸಲ ಓಡಿಸಿಲ್ಲ? ನಮಾಝಿಗೆ ಬರುವ ಹಿರಿಯರಿಗೆ ಚೆಂಡು ಬೀಳುತ್ತದೆ, ಹಂಚು ಒಡೆಯುತ್ತದೆ, ಹೇಳಬೇಕಾದದ್ದೇ. 'ಉಸ್ತಾದ್, ಮತ್ತೆ ಎಲ್ಲಿ ಆಡುವುದು?' ಅಂತ ಒಬ್ಬ ಕೇಳಿದ. 'ಎಲ್ಲಾದರೂ ಹೋಗಿ' ಅಂದೆವು. ಅವರು ಹೋದದ್ದು ಹೈವೇ ಬದಿಯ ಖಾಲಿ ಜಾಗಕ್ಕೆ. ಒಂದು ದಿನ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದೆವು, ಚೆಂಡಿನ ಹಿಂದೆ ನಮ್ಮ ಹುಡುಗನೊಬ್ಬ ಲಾರಿಯ ಮುಂದೆಯೇ ರಸ್ತೆ ದಾಟುತ್ತಿದ್ದ. ಮರುದಿನ ಕ್ಲಾಸಿನಲ್ಲಿ ಅವನಿಗೇ ಬೈದೆವು, ಅದೊಂದು ಬೇರೆ ವಿಷಯ.

ಹೆಣ್ಣುಮಕ್ಕಳದ್ದಂತೂ ಇನ್ನೂ ಕಷ್ಟ. ಅವರನ್ನು ಓಡಿಸುವ ಕೆಲಸವೂ ಇಲ್ಲ, ಯಾಕೆಂದರೆ ಐದನೇ ಕ್ಲಾಸ್ ದಾಟಿದ ಮೇಲೆ ಅವರು ಆಡುವುದಕ್ಕೆ ಬರುವುದೇ ಇಲ್ಲ. ಇಲ್ಲಿ ಕಾಬೂಲಿನ ಸಂಗತಿ ಹೇಳಬೇಕು. 2007ರಲ್ಲಿ ಅಲ್ಲಿ ಸ್ಕೇಟಿಸ್ತಾನ್ ಎಂಬ ಸಂಸ್ಥೆ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಕಲಿಸಲು ಶುರುಮಾಡಿತು. ಹೆಣ್ಣುಮಕ್ಕಳು ಸೈಕಲ್ ತುಳಿದರೆ ಜನ ಆಕ್ಷೇಪಿಸುತ್ತಿದ್ದ ಊರು ಅದು. ಸ್ಕೇಟ್‌ಬೋರ್ಡ್ ತೀರಾ ಹೊಸದಾದ್ದರಿಂದ ಬೇಡ ಅಂತ ಹೇಳಲು ಯಾರಿಗೂ ನೆನಪಾಗಿರಲಿಲ್ಲ! ಸಂಸ್ಥೆಯವರು ಬೀದಿಯಲ್ಲೇ ಆಡಿಸಿ ಅಂತ ಹಟ ಹಿಡಿಯಲಿಲ್ಲ. ಒಳಾಂಗಣ ಕಟ್ಟಿದರು, ಹುಡುಗಿಯರಿಗೆ ಬೇರೆ ದಿನ ಇಟ್ಟರು, ಕಲಿಸಲು ಹೆಂಗಸರನ್ನೇ ನೇಮಿಸಿದರು, ಜೊತೆಗೆ ಓದುಬರಹವನ್ನೂ ಸೇರಿಸಿದರು. ಸ್ಕಾರ್ಫ್ ಮೇಲೆ ಹೆಲ್ಮೆಟ್ ಹಾಕಿದ ಆ ಹುಡುಗಿಯರ ಬಗ್ಗೆ ಮಾಡಿದ ಕಿರು ಸಾಕ್ಷ್ಯಚಿತ್ರಕ್ಕೆ 2020ರಲ್ಲಿ ಆಸ್ಕರ್ ಬಂತು. ಪ್ರಶಸ್ತಿಗಿಂತ ನಮಗೆ ಮುಖ್ಯ ಅನ್ನಿಸಿದ್ದು, ಮನೆಯವರ ಆಕ್ಷೇಪಕ್ಕೆ ಸಂಸ್ಥೆಯವರು ಜಗಳದಿಂದಲ್ಲ, ಜಾಗದಿಂದ ಉತ್ತರ ಕೊಟ್ಟದ್ದು.

ಬ್ರೂಕ್ಲಿನ್‌ನಲ್ಲಿ ತಪ್ಪಿದ್ದು ಇದೇ ಅಂತ ಕಾಣುತ್ತದೆ. ಮೊದಲು ಘೋಷಣೆ, ಆಮೇಲೆ ಕೇಳುವುದು. ನಮ್ಮನ್ನು ಕೇಳಲೇ ಇಲ್ಲ ಎಂಬುದು ನಿವಾಸಿಗಳ ದೊಡ್ಡ ದೂರು. ಹೀಗಾದಾಗ ಹುಲ್ಲಿನ ಪರ ಇರುವವರೂ ಹುಡುಗರ ಪರ ಇರುವವರೂ ಒಬ್ಬರಿಗೊಬ್ಬರು ಶತ್ರುಗಳಾಗಿ ನಿಲ್ಲುತ್ತಾರೆ. ಇಬ್ಬರೂ ಕೇಳುವುದು ಬಯಲು ಜಾಗವನ್ನೇ. ವಿರೋಧಿಸುವವರು 'ಇಲ್ಲಿ ಬೇಡ, ಅಗೋ ಅಲ್ಲಿ ಆಗಬಹುದು' ಅಂತ ಒಂದು ಡಾಮರು ಜಾಗ ತೋರಿಸಿ, ಅದಕ್ಕಾಗಿ ಹುಡುಗರ ಜೊತೆಯಲ್ಲೇ ಅರ್ಜಿ ಹಿಡಿದು ಹೋದರೆ ಅವರ ಮಾತಿಗೆ ತೂಕ ಬೇರೆಯೇ ಬರುತ್ತದೆ.

ಲಂಡನ್ನಿನಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆದಿತ್ತು. ಥೇಮ್ಸ್ ನದಿ ಬದಿಯ ಸೌತ್‌ಬ್ಯಾಂಕ್ ಕಲಾಕೇಂದ್ರದ ಕೆಳಗಿನ ಜಾಗದಲ್ಲಿ 1970ರ ದಶಕದಿಂದ ಹುಡುಗರು ಸ್ಕೇಟ್ ಮಾಡುತ್ತಿದ್ದರು. ಯಾರೂ ಅವರಿಗೆಂದು ಕಟ್ಟಿದ್ದಲ್ಲ. 2013ರಲ್ಲಿ ಕೇಂದ್ರದವರು 12 ಕೋಟಿ ಪೌಂಡಿನ ಯೋಜನೆ ತಂದು, ಅಲ್ಲಿ ಅಂಗಡಿ, ಹೋಟೆಲು ಮಾಡಲು ಹೊರಟಾಗ ಆಕ್ಷೇಪ ಎತ್ತಿದವರು ಸ್ಕೇಟ್ ಮಾಡುವವರೇ. ಬದಲಿಗೆ ಹತ್ತಿರದ ಸೇತುವೆ ಕೆಳಗೆ ಬೇರೆ ಜಾಗ ಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಸಾವಿರಾರು ಆಕ್ಷೇಪಣಾ ಪತ್ರಗಳು ಸ್ಥಳೀಯ ಕೌನ್ಸಿಲಿಗೆ ಹೋದವು. ಕೊನೆಗೆ 2014ರ ಸೆಪ್ಟೆಂಬರಿನಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು, ಹುಡುಗರು ಅಲ್ಲೇ ಉಳಿದರು. ಮುಚ್ಚಿಹೋಗಿದ್ದ ಒಂದು ಭಾಗವನ್ನೂ ಆಮೇಲೆ ಚಂದಾ ಎತ್ತಿ ಸರಿಪಡಿಸಿ 2019ರಲ್ಲಿ ತೆರೆದರು. ಆ ಕೆಲಸದಲ್ಲಿ ಕಲಾಕೇಂದ್ರದವರೂ ಸ್ಕೇಟ್ ಮಾಡುವವರೂ ಒಟ್ಟಿಗಿದ್ದರು.