ಬೇಲಿಯೊಳಗಿನ ಗುಟುಕಿಗೆ ಬೆಲೆ ಕಟ್ಟುವವರಾರು?

ಅಮೆರಿಕೆಯ ಫ್ಲಾರಿಡಾ ಸಂಸ್ಥಾನದ ಒರ್ಲಾಂಡೋ ಪಟ್ಟಣದ ಬಳಿ ಡಿಸ್ನಿ ಕಂಪೆನಿಯವರ ಭಾರೀ ವಿನೋದವನವಿದೆ. ಅದರ ಒಂದು ಭಾಗಕ್ಕೆ ಎಪ್ಕಾಟ್ ಎಂದು ಹೆಸರು. ವರ್ಷಂಪ್ರತಿ ಬೇಸಗೆ ಕೊನೆಯಾಗುವ ಹೊತ್ತಿಗೆ ಮೊದಲಾಗಿ ನವೆಂಬರಿನವರೆಗೆ ಅಲ್ಲಿ ‘ಅಂತರರಾಷ್ಟ್ರೀಯ ಆಹಾರ ಮತ್ತು ವೈನ್ ಉತ್ಸವ’ ನಡೆಯುತ್ತದೆ. 1990ರ ದಶಕದ ನಡುವಿನಲ್ಲಿ ಆರಂಭವಾದ ಈ ಉತ್ಸವ ಈಗ ತಿಂಗಳುಗಟ್ಟಲೆ ನಡೆಯುವ ದೊಡ್ಡ ವ್ಯಾಪಾರವಾಗಿದೆ.

ಏಳು ಸಮುದ್ರದಾಚೆಯ ಪಾನದಂಗಡಿಯ ಬೆಲೆಪಟ್ಟಿಯಿಂದ ನಮ್ಮ ಜಿಲ್ಲೆಯ ವಾಚಕರಿಗೆ ಆಗಬೇಕಾದದ್ದೇನು ಎಂದು ಕೆಲವರು ಕೇಳಿಯಾರು. ಆಗಬೇಕಾದದ್ದು ಬಹಳವಿದೆ. ಜಾಗಕ್ಕೆ ಬೇಲಿ ಹಾಕುವುದು, ಬಾಗಿಲಲ್ಲಿ ಒಮ್ಮೆ ಹಣ ಕಟ್ಟಿಸಿಕೊಳ್ಳುವುದು, ಒಳಗೆ ಬಂದವನಿಗೆ ಬೇರೆ ಅಂಗಡಿಯೇ ಇಲ್ಲದಂತೆ ಮಾಡುವುದು, ಆಮೇಲೆ ಅವನ ಬಾಯಾರಿಕೆಗೆ ಬೆಲೆ ಕಟ್ಟುವುದು: ಈ ವಿದ್ಯೆ ಎಪ್ಕಾಟಿನಲ್ಲಿ ಪೂರ್ಣತೆ ಪಡೆದಿದೆ. ನಮ್ಮ ನಗರಗಳ ಮಲ್ಟಿಪ್ಲೆಕ್ಸುಗಳೂ ನೀರಾಟದ ಪಾರ್ಕುಗಳೂ ಕಲಿಯುತ್ತಿರುವುದು ಇದೇ ಪಾಠವನ್ನು. ಪಾಠಶಾಲೆಯನ್ನೇ ನೋಡಿಬಿಡುವುದು ಒಳ್ಳೆಯದು. ಕುಡಿತ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ನಮ್ಮ ಪ್ರಶ್ನೆ ಬೆಲೆಯದು, ಆಯ್ಕೆಯದು, ಮತ್ತು ಲೋಟ ತುಂಬಿ ಕೊಡುವವನದು.

ಅಲ್ಲಿನ ಏರ್ಪಾಡು ಹೀಗಿದೆ. ನಡುವೆ ಒಂದು ಕೆರೆ. ಅದರ ಸುತ್ತ ಎರಡು ಕಿಲೋಮೀಟರಿಗೆ ಸಮೀಪದ ದಾರಿ. ದಾರಿಯುದ್ದಕ್ಕೂ ಹನ್ನೊಂದು ದೇಶಗಳ ಕಟ್ಟಡಗಳು: ಮೆಕ್ಸಿಕೋ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕ್ಕೋ, ಫ್ರಾನ್ಸ್, ಬ್ರಿಟನ್, ಕೆನಡಾ. ಉತ್ಸವ ಬಂದಾಗ ಇವುಗಳ ನಡುನಡುವೆ ಇನ್ನಷ್ಟು ಮಳಿಗೆಗಳು ಏಳುತ್ತವೆ. ಬಂದವರ ಕೈಗೆ ‘ಪಾಸ್‌ಪೋರ್ಟ್’ ಎಂದು ಕರೆಯುವ ಪುಸ್ತಿಕೆಯೊಂದನ್ನು ಕೊಡುತ್ತಾರೆ. ಒಂದೊಂದು ದೇಶದಲ್ಲೂ ಒಂದೊಂದು ಲೋಟ ಕುಡಿಯುತ್ತ ಕೆರೆ ಸುತ್ತುವುದಕ್ಕೆ ‘ಜಗತ್ತಿನ ಸುತ್ತ ಕುಡಿಯುವುದು’ ಎಂದು ಅಲ್ಲಿಯ ತರುಣರು ಹೆಸರಿಟ್ಟಿದ್ದಾರೆ. ಭೂಪ್ರದಕ್ಷಿಣೆಯ ಪುಣ್ಯ ಇಷ್ಟು ಸುಲಭವೆಂದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ!

ಸುಲಭವೆಂದದ್ದು ಕಾಲಿಗೆ ಮಾತ್ರ, ಜೇಬಿಗಲ್ಲ. 1982ರಲ್ಲಿ ಎಪ್ಕಾಟ್ ತೆರೆದಾಗ ದೊಡ್ಡವರ ಒಂದು ದಿನದ ಟಿಕೇಟು 15 ಡಾಲರು. ಇಂದು ಅದು ನೂರು ಡಾಲರನ್ನು ದಾಟಿ ಎಷ್ಟೋ ಮುಂದೆ ಹೋಗಿದೆ. ಬೆಲೆಯೆಲ್ಲ ಏರಿದಂತೆ ಇದೂ ಏರಿದೆ ಎನ್ನುವವರು ಕೂಲಿಯ ಲೆಕ್ಕವನ್ನೂ ನೋಡಲಿ. 1982ರಲ್ಲಿ ಆ ದೇಶದ ಕನಿಷ್ಠ ಕೂಲಿ ಗಂಟೆಗೆ 3 ಡಾಲರು 35 ಸೆಂಟು. ಅಂದರೆ ನಾಲ್ಕೂವರೆ ಗಂಟೆ ದುಡಿದವನು ಒಳಗೆ ಹೋಗಬಹುದಿತ್ತು. ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ 2009ರಿಂದ 7 ಡಾಲರು 25 ಸೆಂಟಿನಲ್ಲೇ ನಿಂತಿದೆ. ಆ ಕೂಲಿಯವನು ಇಂದು ಹದಿನಾಲ್ಕು ಗಂಟೆ ದುಡಿದರೂ ಬಾಗಿಲು ದಾಟಲಾರ. ಫ್ಲಾರಿಡಾದ ಮತದಾರರು 2020ರಲ್ಲಿ ತಮ್ಮ ಸಂಸ್ಥಾನದ ಕನಿಷ್ಠ ಕೂಲಿಯನ್ನು 2026ರ ಹೊತ್ತಿಗೆ 15 ಡಾಲರಿಗೆ ಏರಿಸಬೇಕೆಂದು ಓಟು ಮಾಡಿದರು. ಈ ದರದಲ್ಲಿ ಎಣಿಸಿದರೂ ಒಂದು ಟಿಕೇಟಿಗೆ ಹತ್ತಿರ ಹತ್ತಿರ ಒಂದು ದಿನದ ದುಡಿಮೆ. ಹೆಂಡತಿ ಮಕ್ಕಳೂ ಜತೆಗಿದ್ದರೆ ಸಂಸಾರವಂದಿಗನು ಎಷ್ಟು ದಿನ ದುಡಿಯಬೇಕೆಂಬುದನ್ನು ವಾಚಕರೇ ಗುಣಿಸಿಕೊಳ್ಳಬಹುದು.

ಇಷ್ಟೆಲ್ಲ ತೆತ್ತು ಒಳಗೆ ಬಂದವನಿಗೆ ಲೋಟದ ಬೆಲೆ ಬೇರೆ. ಈಚಿನ ವರ್ಷಗಳ ಪಟ್ಟಿಗಳಲ್ಲಿ 6 ಔನ್ಸಿನ, ಎಂದರೆ ಸುಮಾರು 177 ಮಿಲಿಲೀಟರಿನ, ಪುಟ್ಟ ಲೋಟದ ಬಿಯರಿಗೆ 5–6 ಡಾಲರಿನ ಆಸುಪಾಸು. 12 ಔನ್ಸಿನದಕ್ಕೆ ಹತ್ತರ ಆಸುಪಾಸು. ಆ ಹತ್ತು ಡಾಲರನ್ನು ಊರಿನ ದಿನಸಿ ಅಂಗಡಿಗೆ ಒಯ್ದರೆ ಸಾಧಾರಣ ಬಿಯರಿನ ಆರು ಡಬ್ಬಿಗಳು ಸಿಕ್ಕಾವು. ಪುಟ್ಟ ಲೋಟಕ್ಕೆ ‘ರುಚಿ ನೋಡುವ ಅಳತೆ’ ಎಂಬ ಸವಿಮಾತು ಇದೆ. ವಾಸ್ತವವೆಂದರೆ ಲೋಟ ಕಿರಿದಾದಷ್ಟೂ ಬೆಲೆಯ ಅಂಕಿ ಸಣ್ಣದಾಗಿ ಕಾಣುತ್ತದೆ, ಗುಟುಕಿನ ಬೆಲೆ ಮಾತ್ರ ದೊಡ್ಡದಾಗುತ್ತದೆ. ಇದರ ಮೇಲೆ ಮುಂಗಡ ಹಣ ತುಂಬಿದ ಪುಟ್ಟ ಚೀಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅನುಕೂಲವನ್ನೂ ಮಾರುತ್ತಾರೆ. ನೋಟು ಎಣಿಸಿ ಕೊಡುವಾಗ ಕೈ ಒಮ್ಮೆಯಾದರೂ ಹಿಂಜರಿದೀತು. ಮಣಿಕಟ್ಟು ಮುಂದೆ ಮಾಡುವುದಕ್ಕೆ ಹಿಂಜರಿಕೆಯೇನು?

ಇದಕ್ಕೆ ಜರ್ಮನಿಯ ಮ್ಯೂನಿಕ್ ನಗರದ ಅಕ್ಟೋಬರ್‌ಫೆಸ್ಟನ್ನು ಹೋಲಿಸಿ ನೋಡಬೇಕು. ಅಲ್ಲಿ ಜಾತ್ರೆಯೊಳಗೆ ಕಾಲಿಡಲು ಹಣವಿಲ್ಲ. 2025ರಲ್ಲಿ ಒಂದು ಪೂರ್ತಿ ಲೀಟರು ಬಿಯರಿಗೆ ಹದಿನಾಲ್ಕೂವರೆ ಯೂರೋದಿಂದ 15 ಯೂರೋ 80 ಸೆಂಟಿನವರೆಗೆ ಬೆಲೆಯಿತ್ತು. ಇದೂ ಹೆಚ್ಚೆಂದು ಅಲ್ಲಿಯ ಜನ ಗೊಣಗುತ್ತಾರೆ. ಎಪ್ಕಾಟಿನ ಲೋಟವನ್ನು ಲೀಟರಿಗೆ ಲೆಕ್ಕ ಹಾಕಿದರೆ ಇಪ್ಪತ್ತೆಂಟು ಡಾಲರಿನ ಹತ್ತಿರ ಹೋಗುತ್ತದೆ. ಅದೂ ಬಾಗಿಲ ಟಿಕೇಟಿನ ಮೇಲೆ! ಮ್ಯೂನಿಕ್ಕಿನ ಗೊಣಗಾಟಕ್ಕೆ ಹಳೆಯ ಚರಿತ್ರೆಯೂ ಇದೆ. 1844ರ ಮೇ ತಿಂಗಳಲ್ಲಿ ಬಿಯರಿನ ಬೆಲೆ ಏರಿದಾಗ ಅಲ್ಲಿಯ ಕೆಲಸಗಾರರು ಬಿಯರು ತಯಾರಿಸುವ ಮನೆಗಳಿಗೆ ನುಗ್ಗಿದರು. ಕೊನೆಗೆ ದೊರೆ ಲುಡ್ವಿಗ್ ಬೆಲೆ ಇಳಿಸಬೇಕಾಯಿತು. ಆಗಿನ್ನೂ ಇಪ್ಪತ್ಮೂರರ ತರುಣನಾಗಿದ್ದ ಎಂಗೆಲ್ಸ್ ಈ ದೊಂಬಿಯ ಸುದ್ದಿಯನ್ನು ಇಂಗ್ಲೆಂಡಿನ ಕಾರ್ಮಿಕರ ಪತ್ರಿಕೆಯೊಂದಕ್ಕೆ ಬರೆದು ಕಳಿಸಿದ. ಲೋಟದ ಬೆಲೆ ಕ್ಷುಲ್ಲಕ ವಿಷಯವೆಂದು ಅವನಿಗೆ ತೋರಲಿಲ್ಲ.

ಇನ್ನು ಆಯ್ಕೆಯ ಮಾತು. ಪಟ್ಟಿಯಲ್ಲಿ ಪೇಯಗಳಿಗೆ ಬಡತನವಿಲ್ಲ, ನಿಜ. ಆದರೆ ಒಂದು ದೇಶಕ್ಕೆ ಪ್ರತಿನಿಧಿಯಾಗಿ ಯಾವ ಪೇಯ ಕೂರಬೇಕೆಂದು ಗೊತ್ತುಮಾಡುವವರು ಯಾರು? ಮೊರಾಕ್ಕೋ ಮುಸಲ್ಮಾನರ ದೇಶ. ಅಲ್ಲಿ ಮನೆಗೆ ಬಂದವರಿಗೆ ಕೊಡುವುದು ಪುದೀನದ ಚಹ. ಎಪ್ಕಾಟಿನ ಮೊರಾಕ್ಕೋದಲ್ಲಿ ಬಿಯರೂ ಹರಿಯುತ್ತದೆ. ಭಾರತಕ್ಕೆ ಆ ಕೆರೆಯ ದಂಡೆಯಲ್ಲಿ ಕಾಯಂ ಕಟ್ಟಡವಿಲ್ಲ. ಕೆಲವು ವರ್ಷ ಉತ್ಸವದಲ್ಲಿ ಭಾರತದ ಹೆಸರಿನ ಮಳಿಗೆಯಿತ್ತು, ಮಾವಿನ ಲಸ್ಸಿ ಮಾರಾಟವಾಯಿತು. ಮಜ್ಜಿಗೆ, ಪಾನಕ, ರಾಗಿ ಅಂಬಲಿಗಳಿಗೆ ಆ ಭಾಗ್ಯ ಯಾವಾಗ ಬಂದೀತೋ! ಬಾರದಿದ್ದರೂ ಚಿಂತೆಯಿಲ್ಲ. ನಮಗೆ ತೋರುವುದಿಷ್ಟೆ: ಯಾವುದರಲ್ಲಿ ಲಾಭದ ಅಂತರ ಹೆಚ್ಚೋ ಅದೇ ‘ದೇಶದ ರುಚಿ’ ಎನಿಸಿಕೊಳ್ಳುತ್ತದೆ.

ಅದೇ ಎಪ್ಕಾಟಿನಲ್ಲಿ ಬಿಟ್ಟಿಯಾಗಿ ಪೇಯ ಕೊಡುವ ಸ್ಥಳವೂ ಒಂದಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಕ್ಲಬ್ ಕೂಲ್ ಎಂಬುದು ಅದರ ಹೆಸರು. ಕೋಕಾ-ಕೋಲಾ ಕಂಪೆನಿ ನಾನಾ ದೇಶಗಳಲ್ಲಿ ಮಾರುವ ಪಾನೀಯಗಳನ್ನು ಅಲ್ಲಿ ಪುಟ್ಟ ಲೋಟಗಳಲ್ಲಿ ಹಂಚುತ್ತಾರೆ. ಬೆವರ್ಲಿ ಎಂಬ ಇಟಲಿಯ ಪೇಯದ ಕಹಿಗೆ ಬಂದವರು ಮುಖ ಹುಳ್ಳಗೆ ಮಾಡಿಕೊಳ್ಳುವುದೇ ಒಂದು ತಮಾಷೆ. ಇದನ್ನು ನಾವು ಉದಾರತೆಯೆಂದು ಎಣಿಸುವುದಿಲ್ಲ, ಜಾಹೀರಾತೆಂದೇ ಎಣಿಸುತ್ತೇವೆ. ಆದರೆ ಒಂದು ಗುಟ್ಟು ಇದರಿಂದ ಬಯಲಾಗುತ್ತದೆ. ಲೋಟದೊಳಗಿನ ಸಕ್ಕರೆ ನೀರಿನ ಖರ್ಚು ಎಷ್ಟು ಅಲ್ಪವೆಂದರೆ ಅದನ್ನು ಪುಕ್ಕಟೆ ಹಂಚಿದರೂ ಯಾರೂ ದಿವಾಳಿಯಾಗುವುದಿಲ್ಲ. ನಾಲ್ಕು ಹೆಜ್ಜೆ ಆಚೆ ಡಾಲರುಗಟ್ಟಲೆ ಕೇಳುವುದು ಪೇಯಕ್ಕಲ್ಲ, ಬೇಲಿಗೆ.

ಕೋಕಾ-ಕೋಲಾದ ಹೆಸರು ಬಂದ ಮೇಲೆ ಕನ್ನಡ ನಾಡಿಗೆ ಸಂಬಂಧಪಟ್ಟ ಸಂಗತಿಯೊಂದನ್ನು ಬಿಡುವಂತಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ಜಾರ್ಜ್ ಫರ್ನಾಂಡಿಸರು ಜನತಾ ಸರ್ಕಾರದ ಕೈಗಾರಿಕಾ ಮಂತ್ರಿಗಳಾಗಿದ್ದಾಗ, 1973ರ ವಿದೇಶಿ ವಿನಿಮಯ ಕಾಯಿದೆಯಂತೆ ಭಾರತದ ವ್ಯವಹಾರದಲ್ಲಿ ನಿನ್ನ ಪಾಲನ್ನು ನೂರಕ್ಕೆ 40ಕ್ಕೆ ಇಳಿಸು ಎಂದು ಈ ಕಂಪೆನಿಗೆ ಹೇಳಿದರು. ಕಂಪೆನಿ ಒಪ್ಪದೆ 1977ರಲ್ಲಿ ಗಂಟುಮೂಟೆ ಕಟ್ಟಿತು. ಆ ಜಾಗಕ್ಕೆ ಸರ್ಕಾರ ತಂದ ‘ಡಬಲ್ ಸೆವೆನ್’ ಪೇಯದ ಪಾಕ ಸಿದ್ಧವಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ. ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೋಕಾ-ಕೋಲಾ 1993ರಲ್ಲಿ ಮರಳಿ ಬಂದು, ಅದಿಲ್ಲದಾಗ ಬೆಳೆದಿದ್ದ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಸೋತದ್ದು ಒಂದು ಪೇಯ. ಜನರು ಏನು ಕುಡಿಯಬೇಕು, ಎಷ್ಟಕ್ಕೆ ಕುಡಿಯಬೇಕು ಎಂಬುದು ಸಾರ್ವಜನಿಕರ ವಿಷಯವೇ ಎಂಬ ಪ್ರಶ್ನೆ ಸೋತಿಲ್ಲ.

ಈಗ ಲೋಟ ತುಂಬಿಸುವವರ ಕಡೆಗೆ ತಿರುಗೋಣ. ಎಪ್ಕಾಟ್ ಎಂಬುದು ಮೊದಲಿಗೆ ಪಾರ್ಕಿನ ಹೆಸರಲ್ಲ, ಒಂದು ಊರಿನ ಹೆಸರು. ವಾಲ್ಟ್ ಡಿಸ್ನಿ 1966ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮುಂಚೆ, ಇಪ್ಪತ್ತು ಸಾವಿರ ಜನರು ಬಾಳುವ ಭವಿಷ್ಯದ ನಗರವನ್ನು ಕಟ್ಟುವುದಾಗಿ ಸಾರಿದ್ದ. ಅಲ್ಲಿ ಕೊಳೆಗೇರಿ ಇರದು, ಎಲ್ಲರಿಗೂ ಉದ್ಯೋಗವಿರುತ್ತದೆ, ಬಾಡಿಗೆ ಮಿತವಾಗಿರುತ್ತದೆ ಎಂದಿದ್ದ. (ನಿವಾಸಿಗಳಿಗೆ ಭೂಮಿಯ ಒಡೆತನವಾಗಲಿ ಆಡಳಿತದಲ್ಲಿ ಓಟಾಗಲಿ ಇರದು ಎಂಬುದೂ ಯೋಜನೆಯ ಭಾಗವೇ.) ಡಿಸ್ನಿ ಸತ್ತ. ನಗರ ಕಾಗದದಲ್ಲೇ ಉಳಿಯಿತು. ಹದಿನಾರು ವರ್ಷದ ಮೇಲೆ ಅದೇ ಹೆಸರಿನಲ್ಲಿ ಟಿಕೇಟಿನ ಪಾರ್ಕು ತೆರೆಯಿತು. ಅದರಿಂದ ಸ್ವಲ್ಪ ದೂರದ ಕಿಸಿಮ್ಮಿ ಪಟ್ಟಣದ ಹೆದ್ದಾರಿಯಲ್ಲಿ, ಮನೆ ಬಾಡಿಗೆ ಹೊಂದಿಸಲಾರದ ದುಡಿಯುವ ಸಂಸಾರಗಳು ಅಗ್ಗದ ಮೋಟೆಲು ಕೋಣೆಗಳಲ್ಲಿ ದಿನ ನೂಕುತ್ತಿರುವುದು ಇಂದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ.

ಆಯಾ ದೇಶದ ಕಟ್ಟಡದಲ್ಲಿ ಆಯಾ ದೇಶದ ತರುಣ ತರುಣಿಯರೇ ನಿಂತು ನಗುಮುಖದಿಂದ ಲೋಟ ಕೊಡುವುದನ್ನು ನೋಡಿ ಜನ ಮೆಚ್ಚುತ್ತಾರೆ. ಇವರಲ್ಲಿ ಅನೇಕರು ಬರುವುದು 1990ರ ಶಾಸನ ಒದಗಿಸಿದ ವಿಶೇಷ ವೀಸಾದ ಮೇಲೆ. ಹದಿನೈದು ತಿಂಗಳಾದರೆ ಹೊರಡಬೇಕು. ಇಷ್ಟು ಬೇಗ ಊರು ಬಿಡಬೇಕಾದವರು ಸಂಘ ಕಟ್ಟಿ ಬೇರೂರುವುದೆಲ್ಲಿ? ಬೇರೂರಿದವರು ಹೋರಾಡಿದ್ದಾರೆ. 2018ರಲ್ಲಿ ಅಲ್ಲಿಯ ಕಾರ್ಮಿಕ ಸಂಘಗಳ ಒಕ್ಕೂಟ ಗಂಟೆಗೆ 10 ಡಾಲರಿದ್ದ ಕನಿಷ್ಠ ಕೂಲಿಯನ್ನು 2021ರ ಹೊತ್ತಿಗೆ 15ಕ್ಕೆ ಏರಿಸುವ ಒಪ್ಪಂದ ಗಿಟ್ಟಿಸಿತು. 2020ರ ರೋಗದ ಕಾಲದಲ್ಲಿ ಡಿಸ್ನಿ ಕಂಪೆನಿ ತನ್ನ ಪಾರ್ಕುಗಳ ವಿಭಾಗದಿಂದ 28,000 ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. 2023ರ ಫೆಬ್ರವರಿಯಲ್ಲಿ ಕಂಪೆನಿ ಮುಂದಿಟ್ಟ ಕೂಲಿಯನ್ನು ಓಟು ಮಾಡಿದವರಲ್ಲಿ ನೂರಕ್ಕೆ 96 ಮಂದಿ ತಿರಸ್ಕರಿಸಿದರು. ಮುಂದಿನ ತಿಂಗಳೇ ಕಂಪೆನಿ ಆ ವರ್ಷದ ಕೊನೆಗೆ 18 ಡಾಲರು ಕೊಡಲು ಒಪ್ಪಿತು. ಸಂತೋಷವೇ. ಆದರೂ ಎಣಿಸಿ ನೋಡಿ: ಒಂದು ಗಂಟೆ ನಿಂತ ಕಾಲಿನಲ್ಲಿ ಲೋಟ ತುಂಬಿದವನ ಕೂಲಿಗೆ, ಅವನೇ ತುಂಬಿದ ಎರಡು ಲೋಟಗಳು ಬರುವುದು ಕಷ್ಟ.

“ಯಾರನ್ನೂ ಬಲವಂತವಾಗಿ ಕರೆದಿಲ್ಲ, ಬೇಡವಾದರೆ ಕುಡಿಯಬೇಡಿ” ಎಂಬ ಸಿದ್ಧ ಉತ್ತರ ನಮಗೆ ಗೊತ್ತಿದೆ. ಇಷ್ಟು ಬೆಲೆಯಿಡದಿದ್ದರೆ ನಷ್ಟವಾಗುತ್ತದೆ ಎಂಬುದು ಎರಡನೆಯ ಉತ್ತರ. ಎರಡನೆಯದಕ್ಕೆ ಅಮೆರಿಕೆಯ ಬಂಡವಾಳಗಾರನೊಬ್ಬನೇ ಜವಾಬು ಕೊಟ್ಟಿದ್ದಾನೆ. 2017ರಲ್ಲಿ ಅಟ್ಲಾಂಟಾ ನಗರದಲ್ಲಿ ತೆರೆದ ಹೊಸ ಕ್ರೀಡಾಂಗಣದಲ್ಲಿ, ಅಲ್ಲಿಯ ಫುಟ್‌ಬಾಲ್ ತಂಡದ ಯಜಮಾನ ಆರ್ಥರ್ ಬ್ಲಾಂಕ್, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಸೋಡಾಕ್ಕೆ 2 ಡಾಲರು, ಬಿಯರಿಗೆ 5 ಡಾಲರು ಎಂದು ಗೊತ್ತುಮಾಡಿದ. ಹಳೆಯ ಕ್ರೀಡಾಂಗಣದ ಬೆಲೆಗಿಂತ ಇದು ಅರ್ಧದಷ್ಟು. ತಲೆಯೊಂದಕ್ಕೆ ಆಗುವ ಖರ್ಚು ನೂರಕ್ಕೆ 16ರಷ್ಟು ಹೆಚ್ಚಿತೇ ಹೊರತು ಇಳಿಯಲಿಲ್ಲ. ಆತ ಸಮಾಜವಾದಿಯಲ್ಲ, ಲೆಕ್ಕ ಬಲ್ಲ ವ್ಯಾಪಾರಿ. ಬೇಲಿಯೊಳಗೆ ದುಬಾರಿಯಾಗಿ ಮಾರುವುದು ಅನಿವಾರ್ಯವೆಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಡಿಸ್ನಿಯವರ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇವೆ. ಅಲ್ಲಿಯ ಫಲಹಾರದ ಅಂಗಡಿಗಳಲ್ಲಿ ಕೇಳಿದವರಿಗೆ ಐಸು ಹಾಕಿದ ನೀರನ್ನು ಪುಕ್ಕಟೆ ಕೊಡುತ್ತಾರೆ. ಮನೆಯಿಂದ ತಿಂಡಿಯನ್ನೂ ಮದ್ಯವಲ್ಲದ ಪಾನೀಯವನ್ನೂ ತರುವುದಕ್ಕೆ ಅಡ್ಡಿಯಿಲ್ಲ. ನಮ್ಮ ಸಿನೆಮಾ ಮಂದಿರಗಳ ಬಾಗಿಲಲ್ಲಿ ಚೀಲ ತಡಕಿ ಚಕ್ಕುಲಿ ಕಿತ್ತುಕೊಳ್ಳುವವರು ಇದನ್ನು ಗಮನಿಸಲಿ. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೊಟೇಲುಗಳು ಬಾಟಲಿ ನೀರನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಬಹುದೆಂದಿತು. 2023ರ ಜನವರಿಯಲ್ಲಿ ಸಿನೆಮಾ ಮಂದಿರಗಳವರು ಹೊರಗಿನ ತಿಂಡಿಯನ್ನು ತಡೆಯಬಹುದು, ಆದರೆ ಕುಡಿಯುವ ನೀರನ್ನು ಪುಕ್ಕಟೆ ಒದಗಿಸಬೇಕೆಂದಿತು. ಆ ನಲ್ಲಿ ಎಲ್ಲಿದೆಯೆಂದು ನಮ್ಮ ವಾಚಕರು ಮುಂದಿನ ಸಲ ಹೋದಾಗ ಕೇಳಿ ತಿಳಿಯಲಿ.

ಮಾಡಬಹುದಾದದ್ದು ಏನೆಂದು ಕೇಳುವವರಿಗೆ ಜರ್ಮನಿಯ ಕಾಯಿದೆ ಉತ್ತರ ಕೊಡುತ್ತದೆ. ಅಲ್ಲಿ ಮದ್ಯ ಮಾರುವ ಪ್ರತಿಯೊಂದು ಅಂಗಡಿಯೂ, ತನ್ನಲ್ಲಿರುವ ಅತ್ಯಂತ ಅಗ್ಗದ ಮದ್ಯಕ್ಕಿಂತ ದುಬಾರಿಯಲ್ಲದ, ಮದ್ಯವಿಲ್ಲದ ಒಂದು ಪೇಯವನ್ನಾದರೂ ಇಟ್ಟಿರಲೇಬೇಕು. ಹೋಲಿಕೆಯನ್ನು ಲೀಟರಿನ ಲೆಕ್ಕದಲ್ಲೇ ಮಾಡಬೇಕು. ಪುಟ್ಟ ಲೋಟದ ಮಾಯೆ ಅಲ್ಲಿ ನಡೆಯದು. ಫ್ಲಾರಿಡಾದಲ್ಲಿ ಇಂಥ ಕಾಯಿದೆ ಬಂದರೆ ಎಪ್ಕಾಟಿನ ಪ್ರತಿ ಮಳಿಗೆಯ ಹಲಗೆಯ ಮೇಲೆ ಲೋಟದ ಬೆಲೆಯ ಪಕ್ಕದಲ್ಲಿ ಲೀಟರಿನ ಬೆಲೆಯನ್ನೂ ಬರೆಸಬಹುದು. ಅದೇ ಪಟ್ಟಿಯನ್ನು ಟಿಕೇಟು ಕೊಳ್ಳುವ ಕಿಟಕಿಯ ಬಳಿಯೂ ತೂಗುಹಾಕಿಸಬಹುದು. ನಮ್ಮ ರಾಜ್ಯದ ಶಾಸನಸಭೆಯಲ್ಲಿ ಮಲ್ಟಿಪ್ಲೆಕ್ಸುಗಳಿಗೂ ನೀರಾಟದ ಪಾರ್ಕುಗಳಿಗೂ ಇದೇ ನಿಯಮವನ್ನು ತರುವ ಮಸೂದೆಯನ್ನು ಯಾವ ಸದಸ್ಯರು ಮಂಡಿಸುತ್ತಾರೆ ಎಂಬುದನ್ನು ನಾವು ಕಾದು ನೋಡುತ್ತೇವೆ.